ತೂಕದ ಚೀಟಿಯಲ್ಲಿ ಇಲ್ಲದ ಮಾತು

ಮುಂಬಯಿಯ ರೈಲು ನಿಲ್ದಾಣಗಳಲ್ಲಿ ಒಂದು ಕಾಲಕ್ಕೆ ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರಗಳಿದ್ದವು. ನಾಣ್ಯ ಹಾಕಿ ನಿಂತರೆ ಒಳಗಿನ ಚಕ್ರ ತಿರುಗಿ ರಟ್ಟಿನ ಸಣ್ಣ ಚೀಟಿಯೊಂದು ಹೊರಬೀಳುತ್ತಿತ್ತು. ಅದರಲ್ಲಿ ತೂಕವೂ ಇರುತ್ತಿತ್ತು, ಭವಿಷ್ಯವೂ ಇರುತ್ತಿತ್ತು. ಭವಿಷ್ಯವನ್ನು ಓದಿ ನಕ್ಕು, ತೂಕವನ್ನು ಮಾತ್ರ ನಂಬಿ, ಚೀಟಿಯನ್ನು ಜೇಬಿಗೆ ಸೇರಿಸಿ ಲೋಕಲ್ ಗಾಡಿ ಹತ್ತಿದವರು ನಮ್ಮಲ್ಲಿ ಅನೇಕರಿದ್ದೇವೆ. ಇಂದು ಆ ಯಂತ್ರಗಳು ಕಾಣಸಿಗುವುದು ಅಪರೂಪ. ಅವುಗಳ ಬದಲಿಗೆ ನಮ್ಮ ಮನೆಗಳ ಮಂಚದ ಕೆಳಗೆ ಗಾಜಿನ ಹಲಗೆಯ ಡಿಜಿಟಲ್ ಯಂತ್ರಗಳು ಬಂದು ಕುಳಿತಿವೆ. ಆದರೆ ಅಭ್ಯಾಸ ಬದಲಾಗಿಲ್ಲ. ಒಂದೇ ಅಂಕಿಯಲ್ಲಿ ನಮ್ಮ ಆರೋಗ್ಯದ ಭವಿಷ್ಯವನ್ನೂ ಓದಿಬಿಡುತ್ತೇವೆ. ಅಂಕಿ ಇಳಿದರೆ ಹಿಗ್ಗುತ್ತೇವೆ, ಏರಿದರೆ ಕುಗ್ಗುತ್ತೇವೆ, ಹಾಗೆಯೇ ಇದ್ದರೆ ಎಲ್ಲವೂ ಸರಿಯಾಗಿದೆ ಎಂದು ನೆಮ್ಮದಿಯಿಂದ ನಿದ್ರಿಸುತ್ತೇವೆ.

ಈ ನೆಮ್ಮದಿ ಎಷ್ಟು ಭದ್ರವಾದುದು ಎಂಬ ಪ್ರಶ್ನೆಯನ್ನು 2025ನೆಯ ವರ್ಷ ನಮ್ಮ ಮುಂದಿಟ್ಟಿತು. ಆ ವರ್ಷದ ಜನವರಿಯಲ್ಲಿ ‘ಲ್ಯಾನ್ಸೆಟ್’ ಬಳಗದ ವೈದ್ಯಕೀಯ ಪತ್ರಿಕೆಯೊಂದು ನೇಮಿಸಿದ್ದ ಅಂತರರಾಷ್ಟ್ರೀಯ ತಜ್ಞರ ಆಯೋಗವು ತನ್ನ ವರದಿಯನ್ನು ಪ್ರಕಟಿಸಿ, ಎತ್ತರ ಮತ್ತು ತೂಕದ ಲೆಕ್ಕವೊಂದನ್ನೇ ಹಿಡಿದು ಬೊಜ್ಜನ್ನು ನಿರ್ಧರಿಸುವುದು ಸಲ್ಲದು ಎಂದು ಸ್ಪಷ್ಟಪಡಿಸಿತು. ಅದೇ ತಿಂಗಳು ನಮ್ಮ ದೇಶದ ತಜ್ಞರೂ ಭಾರತೀಯರಿಗಾಗಿ 2009ರಲ್ಲಿ ರೂಪಿಸಿದ್ದ ಮಾನದಂಡವನ್ನು ಪರಿಷ್ಕರಿಸಿ, ಸೊಂಟದ ಸುತ್ತಳತೆಗೂ, ಬೊಜ್ಜಿನಿಂದ ಬರುವ ಇತರ ಕಾಯಿಲೆಗಳಿಗೂ ಅದರಲ್ಲಿ ಸ್ಥಾನ ನೀಡಿದರು. ಇದಾಗಿ ಎರಡು ತಿಂಗಳಲ್ಲಿ, ಅಂದರೆ ಮಾರ್ಚಿನಲ್ಲಿ, ತೂಕ ಇಳಿಸುವ ‘ಮೌಂಜಾರೊ’ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂದಿತು. ಜೂನ್‌ನಲ್ಲಿ ‘ವೆಗೋವಿ’ ಬಂದಿತು. ಒಂದು ಕಡೆ ವಿಜ್ಞಾನವು ತೂಕದ ಅಂಕಿಯೊಂದನ್ನೇ ನೋಡಬೇಡಿ ಎನ್ನುತ್ತಿದೆ. ಇನ್ನೊಂದು ಕಡೆ ಮಾರುಕಟ್ಟೆಯು ಆ ಅಂಕಿಯನ್ನು ಇಳಿಸಿಕೊಡುತ್ತೇನೆ ಎನ್ನುತ್ತಿದೆ. ಇವೆರಡರ ನಡುವೆ ನಿಂತಿರುವ ನಾವು, ದೂರದ ನಗರಗಳಲ್ಲಿ ನೆಲೆಯೂರಿದ ಕನ್ನಡ ಕುಟುಂಬಗಳವರು, ನಮ್ಮ ದೇಹವನ್ನು ಸ್ವಲ್ಪ ಹತ್ತಿರದಿಂದ ಅರಿತುಕೊಳ್ಳಬೇಕಾಗಿದೆ.

ಲೆಕ್ಕದ ಮೂಲ

ವೈದ್ಯರು ಬಳಸುವ ದೇಹತೂಕದ ಸೂಚ್ಯಂಕ, ಅಂದರೆ ಬಿಎಂಐ, ಸರಳವಾದ ಲೆಕ್ಕ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಈ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಂಡುಕೊಂಡವನು ವೈದ್ಯನಲ್ಲ; ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂಬುದು ಅವನ ಕುತೂಹಲವಾಗಿತ್ತು. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಇಂದಿನ ಹೆಸರನ್ನು ಕೊಟ್ಟರು. ಅವರೂ ಅದನ್ನು ಜನಸಮೂಹಗಳ ಅಧ್ಯಯನಕ್ಕೆಂದೇ ಸೂಚಿಸಿದ್ದರು. ಸಮೂಹಕ್ಕೆ ಹೊಲಿದ ಅಂಗಿಯನ್ನು ನಾವು ಒಬ್ಬೊಬ್ಬರಿಗೂ ತೊಡಿಸಿದೆವು. ಕೆಲವರಿಗೆ ಸರಿಹೊಂದಿತು, ಕೆಲವರಿಗೆ ಹೊಂದಲಿಲ್ಲ.

ಭಾರತೀಯರಿಗಂತೂ ಅದು ಸಡಿಲವಾಯಿತು. ಪಾಶ್ಚಾತ್ಯರಿಗೆ ಸೂಚ್ಯಂಕ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳು ಅದಕ್ಕಿಂತ ಬಹಳ ಮೊದಲೇ ಬಾಗಿಲು ತಟ್ಟುವುದರಿಂದ, 2009ರ ಭಾರತೀಯ ಮಾನದಂಡವು 23ಕ್ಕೆ ಅಧಿಕ ತೂಕವೆಂದೂ 25ಕ್ಕೆ ಬೊಜ್ಜೆಂದೂ ಗೆರೆ ಎಳೆಯಿತು. ಉದಾಹರಣೆಗೆ, 165 ಸೆಂಟಿಮೀಟರ್ ಎತ್ತರವಿರುವವರಿಗೆ ಎಚ್ಚರಿಕೆಯ ಗೆರೆ ಬರುವುದು ಸುಮಾರು 62.5 ಕಿಲೋಗೆ, 155 ಸೆಂಟಿಮೀಟರ್ ಎತ್ತರವಿರುವವರಿಗೆ ಸುಮಾರು 55 ಕಿಲೋಗೆ. ‘ನಾನೇನು ದಪ್ಪಗಿಲ್ಲವಲ್ಲ’ ಎಂದುಕೊಳ್ಳುವ ನಮ್ಮಲ್ಲಿ ಬಹುಮಂದಿ ಈ ಗೆರೆಯ ಆಚೆಗೇ ಇದ್ದೇವೆ.

ಇಬ್ಬರು ವೈದ್ಯರ ಕಥೆ

ಆದರೆ ಗೆರೆಯ ಈಚೆಗೆ ಇರುವವರೂ ನಿಶ್ಚಿಂತರಲ್ಲ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಪುಣೆ ನಗರ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಸಹೋದ್ಯೋಗಿಗಳು. 2004ರಲ್ಲಿ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರದೊಡನೆ ಒಂದು ಪುಟ್ಟ ಬರಹವನ್ನು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗಿನವರು. ಯಂತ್ರದಲ್ಲಿ ಪರೀಕ್ಷಿಸಿದಾಗ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಒಂದೇ ಅಳತೆಯ ಎರಡು ದೇಹಗಳಲ್ಲಿ ಒಂದರಲ್ಲಿ ಇನ್ನೊಂದರ ಎರಡು ಪಟ್ಟಿಗೂ ಮೀರಿದ ಕೊಬ್ಬು! ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿದ ಈ ಭಾರತೀಯ ದೇಹಕ್ಕೆ ಪ್ರಪಂಚದ ವೈದ್ಯಲೋಕದಲ್ಲಿ ಒಂದು ಹೆಸರೇ ನಿಂತಿತು. ಕನ್ನಡದಲ್ಲಿ ಹೇಳುವುದಾದರೆ, ‘ಸಣಕಲು ಬೊಜ್ಜು’.

ಇದರ ಬೇರು ತಾಯಿಯ ಗರ್ಭದಷ್ಟು ಆಳದಲ್ಲಿದೆ. ಯಾಜ್ಞಿಕ್ ಅವರ ತಂಡವು 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡಿತು. ಅಲ್ಲಿನ ಶಿಶುಗಳ ಸರಾಸರಿ ಜನನ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು ಸುಮಾರು 3.5 ಕಿಲೋ. ನಮ್ಮ ಮಕ್ಕಳಲ್ಲಿ ಕೊರತೆ ಕಂಡದ್ದು ಮಾಂಸಖಂಡದಲ್ಲಿ ಮತ್ತು ಒಳಾಂಗಗಳಲ್ಲಿ; ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಉಳಿದುಕೊಂಡಿತ್ತು. ಕರ್ನಾಟಕದ ಕೊಡುಗೆಯೂ ಇಲ್ಲಿ ಸಣ್ಣದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕದ ದಾಖಲೆಗಳನ್ನು ಜೋಪಾನವಾಗಿಟ್ಟಿತ್ತು. ಆ ಹಳೆಯ ದಾಖಲೆಗಳನ್ನು ಹಿಡಿದು, ಹಾಗೆ ಹುಟ್ಟಿ ನಡುವಯಸ್ಸು ಮುಟ್ಟಿದವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ವರದಿ ಮಾಡಿದರು. ಅಭಾವದ ಕಾಲಕ್ಕೆಂದು ಸಿದ್ಧವಾದ ದೇಹ ಸಮೃದ್ಧಿಯ ಕಾಲವನ್ನು ತಾಳಿಕೊಳ್ಳಲಾರದು ಎಂಬುದೇ ಈ ಅಧ್ಯಯನಗಳ ಸಾರ.

ನಮ್ಮ ಮನೆಗಳ ಚರಿತ್ರೆ

ಈ ಮಾತು ನಮ್ಮ ಮನೆಗಳ ಚರಿತ್ರೆಯೇ ಆಗಿದೆ. ಕರಾವಳಿಯಿಂದ ಹೊರಟು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಹಲವರು ಹಗಲೆಲ್ಲ ಹೋಟೆಲುಗಳಲ್ಲಿ ರುಬ್ಬಿ, ನೀರು ಹೊತ್ತು, ತಟ್ಟೆ ತೊಳೆದು, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಓದಿದವರು. ಉತ್ತರ ಕರ್ನಾಟಕದಿಂದ ಪುಣೆ, ಸೊಲ್ಲಾಪುರ, ಮುಂಬಯಿಗಳ ಗಿರಣಿಗಳಿಗೂ ಕಟ್ಟಡದ ಕೆಲಸಗಳಿಗೂ ಬಂದವರ ಬೆವರಿನ ಕಥೆಯೂ ಇಂಥದೇ. ಚಾಳಿನ ಮೆಟ್ಟಿಲು ಹತ್ತಿ ಇಳಿಯುವುದು, ಮೈಲುಗಟ್ಟಲೆ ನಡೆಯುವುದು ಅವರಿಗೆ ವ್ಯಾಯಾಮವಾಗಿರಲಿಲ್ಲ, ಬದುಕಾಗಿತ್ತು. ಅವರು ಉಂಡ ಕುಚ್ಚಲಕ್ಕಿ ಗಂಜಿ, ಜೋಳದ ರೊಟ್ಟಿ, ಹುರುಳಿ ಸಾರು ದುಡಿಮೆಯಲ್ಲಿ ಕರಗಿಹೋಗುತ್ತಿತ್ತು. ಅವರಿಗೆ ‘ಮೈ ತುಂಬಿಕೊಳ್ಳುವುದು’ ಎಂದರೆ ಹಸಿವನ್ನು ಗೆದ್ದ ಗುರುತು. ರಜೆಗೆ ಊರಿಗೆ ಹೋದಾಗ ‘ಮುಂಬಯಿ ನೀರು ಹಿಡಿದಿದೆ’ ಎಂದು ಊರವರು ಹೇಳಿದರೆ ಅದು ಪ್ರಶಂಸೆ.

ಆ ಹಿರಿಯರ ಮಕ್ಕಳೂ ಮೊಮ್ಮಕ್ಕಳೂ ಇಂದು ಠಾಣೆ, ಡೊಂಬಿವಲಿ, ಪಿಂಪ್ರಿ ಮೊದಲಾದೆಡೆಗಳ ಲಿಫ್ಟ್ ಇರುವ ಕಟ್ಟಡಗಳಲ್ಲಿದ್ದಾರೆ. ಬ್ಯಾಂಕು, ಕಂಪೆನಿ, ಗಣಕಯಂತ್ರದ ಉದ್ಯೋಗ. 2020ರ ಮಹಾಮಾರಿಯ ನಂತರ ಮನೆಯಿಂದಲೇ ಕೆಲಸ ಮಾಡತೊಡಗಿದ ಅನೇಕರಿಗೆ ನಿಲ್ದಾಣದವರೆಗಿನ ನಡಿಗೆಯೂ ಇಲ್ಲವಾಯಿತು. ಆದರೆ ಊಟದ ತಟ್ಟೆಯಲ್ಲಿ ಅನ್ನದ ರಾಶಿ ಮಾತ್ರ ಅಜ್ಜನ ಕಾಲದ್ದೇ ಆಗಿ ಉಳಿದಿದೆ. ಅದರ ಜತೆಗೆ ವಡಾಪಾವ್, ಫರ್ಸಾಣ್, ಸಿಹಿಪೇಯ ಸೇರಿಕೊಂಡಿವೆ. ದುಡಿಮೆ ಹೋಯಿತು, ಉಣಿಸು ಉಳಿಯಿತು. ಹೀಗೆ ಉಳಿದದ್ದು ಹೋಗಿ ಸೇರುವುದು ಹೊಟ್ಟೆಯ ಸುತ್ತ, ಯಕೃತ್ತಿನ ಒಳಗೆ.

ಅಂಕಿಅಂಶಗಳು ಇದನ್ನೇ ಸಾರುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ನಗರವಾಸಿ ಮಹಿಳೆಯರಲ್ಲಿ ಶೇ. 33.2 ಮಂದಿಗೂ ಪುರುಷರಲ್ಲಿ ಶೇ. 29.8 ಮಂದಿಗೂ ಸೂಚ್ಯಂಕ 25 ಅಥವಾ ಅದಕ್ಕಿಂತ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಅಧ್ಯಯನವು 2023ರಲ್ಲಿ ಪ್ರಕಟಿಸಿದಂತೆ, ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದು, 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅದೇ ಅಧ್ಯಯನದಲ್ಲಿ ದೇಹದ ಒಟ್ಟಾರೆ ಬೊಜ್ಜು ಕಂಡುಬಂದದ್ದು ಶೇ. 28.6 ಮಂದಿಯಲ್ಲಿ, ಹೊಟ್ಟೆಯ ಬೊಜ್ಜು ಶೇ. 39.5 ಮಂದಿಯಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ತೂಕದ ಯಂತ್ರ ‘ಸರಿಯಾಗಿದೆ’ ಎಂದು ಹೇಳಿ ಕಳುಹಿಸಿದವರಲ್ಲಿಯೂ ಅನೇಕರ ಹೊಟ್ಟೆ ಸರಿಯಿಲ್ಲ ಎಂಬುದು ಆ ಅಂತರದಲ್ಲಿ ಅಡಗಿದೆ.

ಆದ್ದರಿಂದ ಪ್ರತಿ ಮನೆಯಲ್ಲಿಯೂ ಇರಬೇಕಾದ ಸಾಧನ ದರ್ಜಿಯ ಅಳತೆ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಭಾರತೀಯ ಪುರುಷರಿಗೆ 90 ಸೆಂಟಿಮೀಟರ್ (ಸುಮಾರು 35.5 ಅಂಗುಲ), ಮಹಿಳೆಯರಿಗೆ 80 ಸೆಂಟಿಮೀಟರ್ (ಸುಮಾರು 31.5 ಅಂಗುಲ) ಎಚ್ಚರಿಕೆಯ ಗೆರೆ. ಇದೂ ನೆನಪಿರದಿದ್ದರೆ, ಸೊಂಟದ ಸುತ್ತಳತೆ ನಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಒಂದೇ ಸೂತ್ರವನ್ನು ನೆನಪಿಟ್ಟುಕೊಂಡರೆ ಸಾಕು.

ಚೆನ್ನೈ ಕಲಿಸಿದ ಪಾಠ

ತೂಕ ಇಳಿಯದಿದ್ದರೆ ನಡಿಗೆ ವ್ಯರ್ಥ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ತಿಂಗಳು ನಡೆದೂ ಮುಳ್ಳು ಕದಲದಾಗ ಎಷ್ಟೋ ಮಂದಿ ಹತಾಶರಾಗಿ ಬಿಟ್ಟುಬಿಡುತ್ತಾರೆ. ಲೆಕ್ಕ ನೋಡಿದರೆ ಮುಳ್ಳು ಕದಲದಿರುವುದು ಸಹಜವೇ. 60 ಕಿಲೋ ತೂಕದವರು ಅರ್ಧ ಗಂಟೆ ನಡೆದರೆ ವ್ಯಯವಾಗುವುದು ಸುಮಾರು ನೂರು ಕ್ಯಾಲರಿ. ಒಂದು ವಡಾಪಾವ್ ಅದರ ಎರಡು ಪಟ್ಟಿಗೂ ಹೆಚ್ಚನ್ನು ಹಿಂದಿರುಗಿಸುತ್ತದೆ. ಆದರೆ ನಡಿಗೆಯ ನಿಜವಾದ ಲಾಭ ಬೇರೆಡೆ ಇದೆ.

ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷಗಳವರೆಗೆ ಗಮನಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಾವ ವಿಶೇಷ ಸಲಹೆಯೂ ಇಲ್ಲದವರಲ್ಲಿ ಶೇ. 55 ಮಂದಿ ಮಧುಮೇಹಿಗಳಾದರು. ನಡಿಗೆ ಮತ್ತು ಹಿತಮಿತ ಆಹಾರವನ್ನು ಅನುಸರಿಸಿದವರಲ್ಲಿ ಅದು ಶೇ. 39.3ಕ್ಕೆ ಇಳಿಯಿತು. ಇದರಲ್ಲಿ ನಮಗೆ ಅತ್ಯಂತ ಮಹತ್ತ್ವದ ಅಂಶವೆಂದರೆ, ಹೇಳಿಕೊಳ್ಳುವಷ್ಟು ತೂಕ ಇಳಿಯದೆಯೇ ಈ ಲಾಭ ದೊರೆತಿತ್ತು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಬಹುಪಾಲು ಹೀರಿಕೊಳ್ಳುವುದು ಮಾಂಸಖಂಡ. ದುಡಿಯುವ ಮಾಂಸಖಂಡ ಹಸಿದಿರುತ್ತದೆ, ಸಕ್ಕರೆಯನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಕುಳಿತೇ ಇರುವ ಮಾಂಸಖಂಡ ಮುಖ ತಿರುಗಿಸುತ್ತದೆ. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಯಂತ್ರದ ಇನ್ನೊಂದು ಚಂಚಲತೆಯನ್ನೂ ಅರಿತಿರಬೇಕು. ಉಪ್ಪಿನಕಾಯಿ ಹಪ್ಪಳದ ಊಟದ ಮರುದಿನ ಒಂದು ಕಿಲೋ ಏರಿದರೆ ಅದು ಬಹುಮಟ್ಟಿಗೆ ನೀರು. ಅನ್ನ ಬಿಟ್ಟ ಮೊದಲ ವಾರದಲ್ಲಿ ಎರಡು ಕಿಲೋ ಇಳಿದರೆ ಅದೂ ಬಹುಪಾಲು ನೀರೇ. ‘ಹತ್ತು ದಿನಗಳಲ್ಲಿ ಐದು ಕಿಲೋ’ ಎಂಬ ಜಾಹೀರಾತುಗಳೆಲ್ಲ ಈ ನೀರಿನ ಮೇಲೆಯೇ ದೋಣಿ ನಡೆಸುತ್ತವೆ. ವಾರಕ್ಕೊಮ್ಮೆ, ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ, ಕೆಲವು ತಿಂಗಳ ಹಾದಿಯನ್ನು ಗಮನಿಸುವುದೇ ವಿವೇಕ.

ಚುಚ್ಚುಮದ್ದಿನ ಮಾತು

ಹೊಸ ಚುಚ್ಚುಮದ್ದುಗಳನ್ನು ನಾವು ಹೀಗಳೆಯುವುದಿಲ್ಲ. ಕರುಳಿನಲ್ಲಿ ಸಹಜವಾಗಿ ಸ್ರವಿಸುವ, ಹಸಿವನ್ನು ತಣಿಸುವ ರಾಸಾಯನಿಕವನ್ನು ಅವು ಅನುಕರಿಸುತ್ತವೆ. ತೀವ್ರವಾದ ಬೊಜ್ಜು, ಅದರೊಂದಿಗೆ ಮಧುಮೇಹ ಮೊದಲಾದ ತೊಂದರೆಗಳು ಇರುವವರಿಗೆ, ವೈದ್ಯರ ನಿಗಾದಲ್ಲಿ ಅವು ನಿಜವಾದ ನೆರವು. ಬೊಜ್ಜು ಕೇವಲ ಸೋಮಾರಿತನದ ಫಲವಲ್ಲ, ಅದಕ್ಕೆ ದೇಹದ ಒಳಗಿನ ಕಾರಣಗಳೂ ಇವೆ ಎಂಬ ಅರಿವನ್ನು ಅವು ಹರಡಿವೆ. ಆದರೆ ಮಗಳ ಮದುವೆಯ ಚಿತ್ರಕ್ಕೆ ಐದು ಕಿಲೋ ಇಳಿಸಬೇಕೆಂದು, ಸ್ನೇಹಿತರ ಮಾತು ಕೇಳಿ ಔಷಧದ ಅಂಗಡಿಗೆ ಹೋಗುವುದು ಅಪಾಯಕರ. ಕೊಬ್ಬಿನೊಂದಿಗೆ ಮಾಂಸಖಂಡವೂ ಒಂದಷ್ಟು ಕರಗುತ್ತದೆ. ಮೊದಲೇ ಮಾಂಸಖಂಡದಲ್ಲಿ ಬಡವರಾದ ನಮಗೆ ಇದು ಸಣ್ಣ ನಷ್ಟವಲ್ಲ. ಸೆಮಾಗ್ಲುಟೈಡ್ ಔಷಧವನ್ನೂ ಅದರ ಜತೆಗಿನ ಆಹಾರ-ವ್ಯಾಯಾಮದ ಮಾರ್ಗದರ್ಶನವನ್ನೂ ನಿಲ್ಲಿಸಿದವರು ಒಂದು ವರ್ಷದೊಳಗೆ, ಇಳಿದ ತೂಕದ ಮೂರನೆಯ ಎರಡು ಪಾಲನ್ನು ಮರಳಿ ಪಡೆದರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಔಷಧ ತೆಗೆದುಕೊಂಡವರಿಗೂ ನಡಿಗೆ, ಪ್ರೋಟೀನು, ಸ್ನಾಯುಗಳ ಕಸರತ್ತು ತಪ್ಪಿದ್ದಲ್ಲ.

ಅಡುಗೆಮನೆಯೂ ಅಂಗಳವೂ

ದಿನನಿತ್ಯ ನಾವು ಮಾಡಬಹುದಾದದ್ದು ಏನು? ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯ ಮಾದರಿ ತಟ್ಟೆಯಲ್ಲಿ, 2000 ಕ್ಯಾಲರಿಯ ದಿನದ ಊಟಕ್ಕೆ ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಎಣ್ಣೆ ತುಪ್ಪ ಸೇರಿ 27 ಗ್ರಾಂ. ಈ ಲೆಕ್ಕದಲ್ಲಿ ನಾಲ್ವರ ಮನೆಗೆ ಎಣ್ಣೆ ತುಪ್ಪವೆಲ್ಲ ಸೇರಿ ತಿಂಗಳಿಗೆ ಮೂರೂಕಾಲು ಕಿಲೋ ಸಾಕು. ದಿನಸಿ ಚೀಟಿಯನ್ನು ತೆಗೆದು ನೋಡಿದರೆ ನಮ್ಮ ನಮ್ಮ ಮನೆಯ ಸತ್ಯ ನಮಗೇ ಗೋಚರಿಸುತ್ತದೆ.

ಇದಕ್ಕಾಗಿ ಪರದೇಶದ ಕಾಳು, ಪುಡಿಗಳ ಹಿಂದೆ ಓಡಬೇಕಾಗಿಲ್ಲ. ಹುರುಳಿ, ಹೆಸರು, ಅಲಸಂದೆ, ಮಡಕೆಕಾಳು, ಬಸಳೆ, ಹರಿವೆ, ಮೆಂತ್ಯ, ರಾಗಿ, ಜೋಳ, ಇವೆಲ್ಲ ನಮ್ಮ ಅಜ್ಜಿಯರ ಅಡುಗೆಯವೇ. ತಟ್ಟೆಯಲ್ಲಿ ಅನ್ನದ ಜಾಗವನ್ನು ಸ್ವಲ್ಪ ಕುಗ್ಗಿಸಿ, ಪಲ್ಯ ಮತ್ತು ಕಾಳಿನ ಜಾಗವನ್ನು ಹಿಗ್ಗಿಸುವುದಷ್ಟೇ ಆಗಬೇಕಾದ ಬದಲಾವಣೆ. ರಾಗಿ ಎಂದ ಮಾತ್ರಕ್ಕೆ ಲೆಕ್ಕವಿಲ್ಲದೆ ತಿನ್ನಬಹುದೆಂಬುದು ಮಾತ್ರ ಭ್ರಮೆ; ಅದೂ ಧಾನ್ಯವೇ.

ಚಲನೆಯ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಾದ ನಡಿಗೆಯಂಥ ಚಟುವಟಿಕೆ, ಜತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕಸರತ್ತು. ನಾವು ಮರೆಯುವುದು ಈ ಎರಡನೆಯದನ್ನು. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಮೆಟ್ಟಿಲು ಹತ್ತುವುದು, ಇವಕ್ಕೆ ಯಾವ ಶುಲ್ಕವೂ ಇಲ್ಲ. ಮೊಣಕಾಲು ನೋವು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ತೊಡಗಬೇಕು.

ಇಲ್ಲಿ ಮನೆಯ ಮಹಿಳೆಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಸುಮಾರು ಶೇ. 57 ಮಂದಿಗೂ ಪುರುಷರಲ್ಲಿ ಶೇ. 42 ಮಂದಿಗೂ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಅಂದಾಜಿಸಿದರು. ಮನೆಗೆಲಸವನ್ನು ಲೆಕ್ಕಕ್ಕೆ ಹಿಡಿದೂ ಬಂದ ಫಲಿತಾಂಶವಿದು. ‘ಮನೆಗೆಲಸವೇ ವ್ಯಾಯಾಮ’ ಎಂದು ಹೇಳಿ ಗೃಹಿಣಿಯ ಒಂದು ಗಂಟೆಯನ್ನು ಕಸಿದುಕೊಳ್ಳುವ ಮನೆಯವರು ಇದನ್ನು ಯೋಚಿಸಬೇಕು. ಬೆಳಗಿನ ತಿಂಡಿಯ ಹೊಣೆಯನ್ನು ವಾರಕ್ಕೆ ಮೂರು ದಿನ ಗಂಡ ಮಕ್ಕಳು ವಹಿಸಿಕೊಂಡರೆ ಅವಳಿಗೆ ನಡಿಗೆಯ ಸಮಯ ತಾನಾಗಿ ದೊರೆಯುತ್ತದೆ.

ನಾಲಿಗೆಯ ಹಿಡಿತವೂ ಆರೋಗ್ಯದ ಭಾಗ. ತೆಳ್ಳಗಿನ ಹುಡುಗನನ್ನು ‘ಕಡ್ಡಿ’ ಎನ್ನುವುದು, ಮೈತುಂಬಿದ ಹುಡುಗಿಗೆ ‘ಗಂಡು ಸಿಗುವುದು ಕಷ್ಟ’ ಎಂದು ನೆಂಟರ ಎದುರಿಗೇ ಹೇಳುವುದು ನಮ್ಮ ಸಮಾರಂಭಗಳಲ್ಲಿ ಇನ್ನೂ ನಿಂತಿಲ್ಲ. ಅವಮಾನದಿಂದ ಯಾರೂ ಆರೋಗ್ಯವಂತರಾದುದಿಲ್ಲ. ಕದ್ದು ತಿನ್ನುವುದನ್ನು, ಊಟ ಬಿಡುವುದನ್ನು ಮಕ್ಕಳು ಇಂಥ ಮಾತುಗಳಿಂದಲೇ ಕಲಿಯುತ್ತಾರೆ. ಇತ್ತ ಹಿರಿಯರ ವಿಷಯದಲ್ಲಿ ನಾವು ಮಾಡುವ ತಪ್ಪು ಇದಕ್ಕೆ ವಿರುದ್ಧವಾದದ್ದು. ಎಪ್ಪತ್ತು ದಾಟಿದ ಅಜ್ಜನ ತೂಕ ತಾನಾಗಿ ಇಳಿಯುತ್ತಿದ್ದರೆ ‘ಒಳ್ಳೆಯದಾಯಿತು’ ಎನ್ನುತ್ತೇವೆ. ಪ್ರಯತ್ನಿಸದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ಶೇ. 5ರಷ್ಟು ಇಳಿದರೆ ಅದು ವೈದ್ಯರಿಗೆ ತಿಳಿಸಬೇಕಾದ ಸಂಗತಿ.

ಸಂಘಗಳ ಹೊಣೆ

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳ ಮಾತು. ವಾರ್ಷಿಕೋತ್ಸವದ ಬೆಳಗ್ಗೆ ಉಚಿತ ಆರೋಗ್ಯ ತಪಾಸಣೆ, ಮಧ್ಯಾಹ್ನ ಹೋಳಿಗೆ, ಚಿರೋಟಿ, ಬೋಂಡಾಗಳ ಭೂರಿಭೋಜನ. ಈ ವೈಚಿತ್ರ್ಯವನ್ನು ಕಂಡು ನಾವೇ ನಕ್ಕಿದ್ದೇವೆ, ನಾವೇ ಎರಡನೆಯ ಹೋಳಿಗೆಗೆ ಎಲೆಯನ್ನೂ ಮುಂದೊಡ್ಡಿದ್ದೇವೆ. ಹಬ್ಬದ ಹೋಳಿಗೆಯನ್ನು ಬಿಡಿ ಎಂದು ಹೇಳುವಷ್ಟು ಅರಸಿಕರು ನಾವಲ್ಲ. ವರ್ಷದಲ್ಲಿ ಹತ್ತು ದಿನಗಳ ಹಬ್ಬ ನಮ್ಮನ್ನು ಕೆಡಿಸುವುದಿಲ್ಲ. ಉಳಿದ ಮುನ್ನೂರೈವತ್ತೈದು ದಿನಗಳು ಕೆಡಿಸುತ್ತವೆ. ಆದರೆ ತಪಾಸಣಾ ಶಿಬಿರದಲ್ಲಿ ತೂಕ ಬರೆದುಕೊಟ್ಟು ಕಳುಹಿಸುವ ಬದಲು, ಸೊಂಟದ ಅಳತೆ, ರಕ್ತದೊತ್ತಡ, ರಕ್ತದ ಸಕ್ಕರೆಗಳನ್ನು ಒಂದು ಕಾರ್ಡಿನಲ್ಲಿ ಬರೆದು, ಆರು ತಿಂಗಳ ನಂತರ ಮತ್ತೆ ಕರೆದು ನೋಡುವ ವ್ಯವಸ್ಥೆಯನ್ನು ಸಂಘಗಳು ಮಾಡಬಹುದು. ತೆಳ್ಳಗಿನವರನ್ನೂ ಸಾಲಿಗೆ ಕರೆಯಬೇಕು. ಏಕೆಂದರೆ ‘ನನಗೇನೂ ಇಲ್ಲ’ ಎಂದು ದೂರ ನಿಲ್ಲುವವರು ಅವರೇ. ಭಾನುವಾರದ ಬೆಳಗ್ಗೆ ಬಡಾವಣೆಯ ಕನ್ನಡಿಗರು ಒಟ್ಟಾಗಿ ನಡೆಯುವ ಪದ್ಧತಿ ಆರಂಭವಾದರೆ, ದೇಹಕ್ಕೆ ನಡಿಗೆ, ನಾಲಿಗೆಗೆ ಕನ್ನಡ ಎರಡೂ ಒಮ್ಮೆಗೇ ಒದಗುತ್ತವೆ. ನಮ್ಮ ಮಕ್ಕಳಿಗೆ ಭಾಷೆಯನ್ನು ದಾಟಿಸುವ ಕಾಳಜಿ ನಮಗಿದೆ. ಆ ಭಾಷೆಯನ್ನು ಮೊಮ್ಮಕ್ಕಳೊಡನೆ ಆಡುವಷ್ಟು ಕಾಲ ಗಟ್ಟಿಯಾಗಿರುವ ಕಾಳಜಿಯೂ ನಮಗಿರಬೇಕು.

ನಿಲ್ದಾಣದ ಆ ಹಳೆಯ ಚೀಟಿಯಲ್ಲಿ ಭವಿಷ್ಯವನ್ನು ಬರೆದದ್ದು ಯಂತ್ರ. ನಮ್ಮ ಆರೋಗ್ಯದ ಭವಿಷ್ಯವನ್ನಾದರೋ ದಿನದಿನದ ನಡಿಗೆಯಲ್ಲಿ, ತಟ್ಟೆಯಲ್ಲಿ, ನಿದ್ರೆಯಲ್ಲಿ ನಾವೇ ಬಹುಮಟ್ಟಿಗೆ ಬರೆದುಕೊಳ್ಳುತ್ತಿದ್ದೇವೆ. ಈ ವಾರ ಒಮ್ಮೆ ತೂಕದ ಯಂತ್ರವನ್ನು ಮಂಚದ ಕೆಳಗೇ ಬಿಟ್ಟು, ಹೊಲಿಗೆಯ ಪೆಟ್ಟಿಗೆಯಿಂದ ಅಳತೆ ಟೇಪನ್ನು ಹೊರತೆಗೆಯೋಣ. ಮನೆಯ ಎಲ್ಲರನ್ನೂ, ತೆಳ್ಳಗಿನವರನ್ನು ಮೊದಲು, ಅಳೆದು ನೋಡೋಣ.